ಟಾಕಿ ದಾಟಿ ಎಡಕ್ಕೆ

ಹುಬ್ಬಳ್ಳಿಯಲ್ಲಿ ವಿಳಾಸ ಕೇಳಿದರೆ ಮನೆ ನಂಬರ್ ಹೇಳುವವರು ಕಡಿಮೆ. "ಟಾಕಿ ದಾಟಿ ಎಡಕ್ಕ ಹೊಳ್ಳ್ರೀ, ಅಲ್ಲೊಂದು ಕಿರಾಣಿ ಅಂಗಡಿ ಐತಿ, ಅದರ ಬಾಜೂಕ." ಇಷ್ಟೇ. ಟಾಕಿ ಅಂದರೆ ನೀರಿನ ಟ್ಯಾಂಕು. ಧಾರವಾಡದಲ್ಲೂ ಹೀಗೇ, ಗದಗದಲ್ಲೂ ಹೀಗೇ. ಮೊಬೈಲಿನಲ್ಲಿ ಮ್ಯಾಪ್ ಬಂದು ಎಷ್ಟೋ ವರ್ಷವಾಯಿತು. ಆದರೂ ಪಾರ್ಸಲ್ ತರುವ ಹುಡುಗ ಕೊನೆಗೆ ಫೋನ್ ಮಾಡಿ ಕೇಳುವುದು ಅದನ್ನೇ: "ಸರ್, ಟಾಕಿ ಈ ಕಡೆನೋ, ಆ ಕಡೆನೋ?"

ನಮ್ಮ ಊರುಗಳ ಗುರುತುಗಳಲ್ಲಿ ಅರ್ಧಕ್ಕರ್ಧ ಈಗ ಬರೀ ಹೆಸರು. ಧಾರವಾಡದ ಟೋಲ್ ನಾಕಾದಲ್ಲಿ ಯಾರೂ ಟೋಲ್ ಕೇಳುವುದಿಲ್ಲ. ಗದಗದ ಟಾಂಗಾ ಕೂಟದಲ್ಲಿ ಟಾಂಗಾ ಹುಡುಕಿದರೆ ಜನ ನಗುತ್ತಾರೆ. ನೀರಿನ ಟಾಕಿ ಹಾಗಲ್ಲ. ಅದು ಇದ್ದಲ್ಲೇ ಇದೆ. ಮೇಲಾಗಿ ಅದರೊಳಗೆ ಇವತ್ತು ನೀರಿದೆಯೋ ಇಲ್ಲವೋ ಅನ್ನುವುದು ಸುತ್ತಲಿನ ಅಷ್ಟೂ ಓಣಿಗಳಿಗೆ ಸಂಬಂಧಪಟ್ಟ ವಿಷಯ. ಗುಡಿಯ ಶಿಖರ ಕಂಡರೆ ಕೈ ಮುಗಿದು ಮುಂದೆ ಹೋಗುತ್ತೇವೆ. ಟಾಕಿಯ ಕಡೆ ಕತ್ತೆತ್ತಿ ನೋಡುವುದು ಮನೆಯಲ್ಲಿ ಬ್ಯಾರಲ್ ಖಾಲಿಯಾದಾಗ.

ಈಗ ಊರತುಂಬ ಇರುವ ಟಾಕಿಗಳೆಲ್ಲ ಕಾಂಕ್ರೀಟಿನವು. ಕಂಬದ ಮೇಲೆ ಒಂದು ದೊಡ್ಡ ಬಟ್ಟಲು, ಸುತ್ತ ಏರುವ ಮೆಟ್ಟಿಲು, ಕೆಳಗೆ ಕೀಲಿ ಹಾಕಿದ ಗೇಟು. ನನಗೆ ಅವುಗಳ ಮೇಲೆ ಸಿಟ್ಟೇನಿಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಜಾತಿಯ ಟಾಕಿ. ಹುಬ್ಬಳ್ಳಿಯಿಂದ ಗದಗದ ಕಡೆ ಹೋಗುವ ರೈಲ್ವೆ ಲೈನಿನ ಮಗ್ಗುಲಲ್ಲಿ ಒಂದು ಹಳೇ ಇಟ್ಟಿಗೆ ಟಾಕಿ ಇದೆ. ಯಾವ ಸ್ಟೇಷನ್ ಅಂತ ಹೇಳುವುದಿಲ್ಲ. ಹೇಳಿದರೆ ಭಾನುವಾರವೇ ರೀಲ್ಸ್ ಮಾಡುವವರು ಹೋಗಿ ಮೇಲೆ ಹತ್ತುತ್ತಾರೆ, ಆಮೇಲೆ ಅಲ್ಲೊಂದು ತಂತಿ ಬೇಲಿ ಬರುತ್ತದೆ. ಸುಮ್ನೆ ಯಾಕೆ?

ಟಾಕಿ ಚೌಕಾಕಾರ. ಎರಡು ಅಂತಸ್ತಿನ ಮನೆಗಿಂತ ಸ್ವಲ್ಪ ಎತ್ತರ. ನಾಲ್ಕೂ ಕಡೆ ಇಟ್ಟಿಗೆಯ ಕಮಾನು. ಅದರ ಮೇಲೆ ಕಬ್ಬಿಣದ ತೊಟ್ಟಿ. ತೊಟ್ಟಿಯನ್ನು ಒಂದೇ ಹಾಳೆಯಿಂದ ಮಾಡಿಲ್ಲ. ಚೌಕ ಚೌಕ ಫಲಕಗಳನ್ನು ಅಂಚಿನಲ್ಲಿ ಬೋಲ್ಟು ಹಾಕಿ ಜೋಡಿಸಿದ್ದಾರೆ. ಎಲ್ಲೋ ಎರಕ ಹೊಯ್ದು, ಹಡಗಿನಲ್ಲಿ ಮತ್ತು ವ್ಯಾಗನ್ನಿನಲ್ಲಿ ತಂದು, ಇಲ್ಲಿ ಕೂಡಿಸಲಿಕ್ಕೆ ಅದು ಅನುಕೂಲ. ಬೋಲ್ಟಿನ ಸಾಲಿನಿಂದ ತುಕ್ಕಿನ ನೀರು ಇಳಿದು ಇಟ್ಟಿಗೆಯ ಮೇಲೆ ಕಂದು ಗೆರೆಗಳಾಗಿವೆ. ಅವುಗಳ ನಡುನಡುವೆ ಬಿಳೀ ಗೆರೆ. ಅದು ಸುಣ್ಣ. ಗಾರೆಯೊಳಗಿನ ಸುಣ್ಣ ನೀರಲ್ಲಿ ಕರಗಿ, ಹೊರಗೆ ಬಂದು, ಗಾಳಿಗೆ ಮತ್ತೆ ಗಟ್ಟಿಯಾಗಿದೆ.

ಹತ್ತಿರ ಹೋಗಿ ಇಟ್ಟಿಗೆ ನೋಡಿದರೆ ಒಂದು ಸಾಲಿನಲ್ಲಿ ಇಟ್ಟಿಗೆಯ ಉದ್ದ ಕಾಣುತ್ತದೆ, ಅದರ ಮೇಲಿನ ಸಾಲಿನಲ್ಲಿ ಬರೀ ತಲೆ ಕಾಣುತ್ತದೆ. ಮತ್ತೆ ಉದ್ದ, ಮತ್ತೆ ತಲೆ. ಇದಕ್ಕೆ ಗೌಂಡಿಗಳು ಇಂಗ್ಲಿಷ್ ಬಾಂಡ್ ಅನ್ನುತ್ತಾರೆ. ತಲೆ ಕಾಣುವ ಇಟ್ಟಿಗೆ ಗೋಡೆಯೊಳಗೆ ಅಡ್ಡ ಹೋಗಿ ಒಳಗೋಡೆಯನ್ನು ಹೊರಗೋಡೆಯ ಜತೆ ಹಿಡಿದಿಡುತ್ತದೆ. ಮನೆಯ ಗೋಡೆಗೆ ಇಷ್ಟು ಬಿಗಿ ಬೇಕಿಲ್ಲ. ಟಾಕಿಗೆ ಬೇಕು. ಬುಡದಲ್ಲಿ ಗೋಡೆ ದಪ್ಪ, ಮೇಲೆ ಹೋದಂತೆ ಒಂದೊಂದು ಇಟ್ಟಿಗೆ ಒಳಗೆ ಸರಿದು ತೆಳ್ಳಗಾಗುತ್ತದೆ. ಸರಿದ ಜಾಗದಲ್ಲೆಲ್ಲ ಪಾರಿವಾಳ.

ನನಗೆ ಭಾಳ ಇಷ್ಟವಾದದ್ದು ಪಕ್ಕದ ಗೋಡೆಗೆ ಹಚ್ಚಿದ ಒಂದು ಪಟ್ಟಿ. ಈಗ ಬಣ್ಣ ಹೋಗಿದೆ, ಆದರೆ ಅಂಕಿಯ ಗುರುತು ಕಾಣುತ್ತದೆ. ತೊಟ್ಟಿಯೊಳಗೆ ನೀರಿನ ಮೇಲೆ ತೇಲುವ ಒಂದು ಡಬ್ಬಿ. ಅದಕ್ಕೆ ಸರಪಳಿ. ಸರಪಳಿ ಮೇಲಿನ ಗಾಲಿಯ ಮೇಲೆ ಹಾದು ಹೊರಗೆ ಇಳಿದು, ತುದಿಯಲ್ಲಿ ಒಂದು ತೂಕದ ಮುಳ್ಳು. ನೀರು ಏರಿದರೆ ಒಳಗೆ ಡಬ್ಬಿ ಏರುತ್ತದೆ, ಹೊರಗೆ ಮುಳ್ಳು ಇಳಿಯುತ್ತದೆ. ಅಂದರೆ ಮುಳ್ಳು ತಳದಲ್ಲಿದ್ದರೆ ಟಾಕಿ ತುಂಬಿದೆ ಅಂತ ಅರ್ಥ. ಪಟ್ಟಿಯ ಮೇಲಿನ ಅಂಕಿಗಳೂ ಹಾಗೆ ತಲೆಕೆಳಗಾಗಿ ಸಾಗುತ್ತವೆ. ಗೊತ್ತಿಲ್ಲದವರು ನೋಡಿ ಟಾಕಿ ಖಾಲಿ ಅಂದುಕೊಳ್ಳಬೇಕು. ಕರೆಂಟು ಬೇಡ, ಸೆನ್ಸರ್ ಬೇಡ. ಪಂಪ್ ನಡೆಸುವವನು ಕೆಳಗೆ ನಿಂತೇ ಓದುತ್ತಿದ್ದ. ಇವತ್ತು ನಮ್ಮ ಮನೆಯ ಸಿಂಟೆಕ್ಸ್ ತುಂಬಿ ಹರಿದು ಪಕ್ಕದವರು ಕೂಗುವವರೆಗೆ ನಮಗೆ ಗೊತ್ತಾಗುವುದಿಲ್ಲ.

ಇಟ್ಟಿಗೆಯ ಮೇಲೆ ಕಬ್ಬಿಣ ಯಾಕೆ? ತೊಟ್ಟಿಯನ್ನೂ ಇಟ್ಟಿಗೆಯಲ್ಲೇ ಕಟ್ಟಬಹುದಿತ್ತಲ್ವಾ ಅಂತ ಕೇಳಬಹುದು. ಇಟ್ಟಿಗೆ ಭಾರ ಹೊರುವುದರಲ್ಲಿ ಗಟ್ಟಿ, ಎಳೆತಕ್ಕೆ ಸಿಕ್ಕರೆ ದುರ್ಬಲ. ತೊಟ್ಟಿಯೊಳಗಿನ ನೀರು ಬರೀ ಕೆಳಗೆ ಒತ್ತುವುದಿಲ್ಲ, ಗೋಡೆಯನ್ನು ಹೊರಗೂ ತಳ್ಳುತ್ತದೆ. ಆಳ ಹೆಚ್ಚಿದಷ್ಟೂ ತಳ್ಳುವುದೂ ಜಾಸ್ತಿ. ಆ ತಳ್ಳಾಟ ತಡೆಯಲಿಕ್ಕೆ ಕಬ್ಬಿಣವೇ ಬೇಕು. ಇಡೀ ತೊಟ್ಟಿಯ ಭಾರವನ್ನು ನೆಲಕ್ಕೆ ಮುಟ್ಟಿಸುವುದು ಇಟ್ಟಿಗೆಯ ಕೆಲಸ. ಕಾಂಕ್ರೀಟ್ ಬಂದ ಮೇಲೆ ಎರಡೂ ಒಂದೇ ಅಚ್ಚಿನಲ್ಲಿ ಸೇರಿಹೋದವು. ಅದಕ್ಕೇ ಈಗಿನ ಟಾಕಿ ನೋಡಿದರೆ ಯಾವುದು ಏನು ಕೆಲಸ ಮಾಡುತ್ತಿದೆ ಅಂತ ಕಣ್ಣಿಗೆ ತಿಳಿಯುವುದಿಲ್ಲ. ಹಳೆಯದರಲ್ಲಿ ಚಿಕ್ಕ ಹುಡುಗನಿಗೂ ತಿಳಿಯುತ್ತದೆ.

ಭಾರ ಅಂದರೆ ಎಷ್ಟು? ಒಂದು ಲಕ್ಷ ಲೀಟರ್ ನೀರು ಅಂದರೆ 100 ಟನ್. ಅದು ಸುಮ್ಮನೆ ಕೂತ ಭಾರವೂ ಅಲ್ಲ. ಬೆಳಗ್ಗೆ ತುಂಬುತ್ತದೆ, ಮಧ್ಯಾಹ್ನ ಖಾಲಿಯಾಗುತ್ತದೆ, ರಾತ್ರಿ ಮತ್ತೆ ತುಂಬುತ್ತದೆ. ಹುಬ್ಬಳ್ಳಿಯಿಂದ ಮೂಡಣಕ್ಕೆ ಪೂರಾ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಕೈ ಹೋಗುತ್ತದೆ. ಆ ಮಣ್ಣಿನ ಮೇಲೆ ಮನೆ ಕಟ್ಟಿದವರಿಗೆ ಗೋಡೆ ಸೀಳಿದ ಅನುಭವ ಇದ್ದೇ ಇರುತ್ತದೆ. ಟಾಕಿ ಕಟ್ಟಿದವರು ಎರೆಯನ್ನು ಪೂರ್ತಿ ಅಗೆದು ತೆಗೆದು, ಕೆಳಗಿನ ಗರಸು ಸಿಗುವ ತನಕ ಹೋಗಿ, ಅಲ್ಲಿಂದ ಪಾಯ ಎತ್ತಬೇಕು. ನೆಲದ ಮೇಲೆ ಕಾಣುವ ಕೆಲಸದಷ್ಟೇ ಕೆಲಸ ನೆಲದ ಕೆಳಗೆ ಇರುತ್ತದೆ. ಎರೆ ಮಣ್ಣಿನಿಂದ ಒಳ್ಳೇ ಇಟ್ಟಿಗೆಯೂ ಆಗುವುದಿಲ್ಲ. ಒಣಗುವಾಗಲೇ ಸೀಳುತ್ತದೆ. ಅದಕ್ಕೇ ನಮ್ಮ ಬಯಲುಸೀಮೆಯ ಹಳೇ ಮನೆಗಳು ಕಲ್ಲು ಮಣ್ಣಿನವು, ಮಣ್ಣಿನ ಮಾಳಿಗೆಯ ಮೇಲ್ಮುದ್ದೆಯವು. ಅಂಥ ಊರಿನ ನಡುವೆ ಕೆಂಪು ಇಟ್ಟಿಗೆಯ ಟಾಕಿ ಎದ್ದಾಗ ಅದು ಹೊರಗಿನಿಂದ ಬಂದ ವಸ್ತು ಅಂತ ನೋಡಿದವರಿಗೆಲ್ಲ ಗೊತ್ತಾಗಿರಬೇಕು.

ಹೊರಗಿನಿಂದಲೇ ಬಂತು. ರೈಲಿನ ಜತೆ ಬಂತು.

1876ರಿಂದ 78ರ ತನಕ ನಮ್ಮ ಕಡೆ ದೊಡ್ಡ ಬರ ಬಿತ್ತು. ಜನ ಸತ್ತರು, ದನ ಸತ್ತವು. ಬೇರೆ ಕಡೆ ಕಾಳಿದ್ದರೂ ತರುವ ದಾರಿ ಇರಲಿಲ್ಲ. ಆ ಬರದ ಪಾಠದಿಂದ ಹುಟ್ಟಿದ್ದು ಸದರ್ನ್ ಮರಾಠಾ ರೈಲ್ವೆ. ಕಂಪನಿ ಶುರುವಾದದ್ದು 1882ರಲ್ಲಿ. ಆ ದಶಕದಲ್ಲೇ ಗದಗ, ಹುಬ್ಬಳ್ಳಿ, ಧಾರವಾಡಕ್ಕೆ ಮೀಟರ್ ಗೇಜ್ ಬಂತು. ಹುಬ್ಬಳ್ಳಿಯಲ್ಲಿ ವರ್ಕ್‌ಶಾಪ್ ಎದ್ದಿತು. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆಯ ಜತೆ ಸೇರಿ ಎಂ. ಆ್ಯಂಡ್ ಎಸ್.ಎಂ. ಆಯಿತು. ಮನೆಯಲ್ಲಿ ಹಿರಿಯರು ಇದ್ದವರಿಗೆ ಈ ಅಕ್ಷರಗಳು ಕಿವಿಗೆ ಬಿದ್ದಿರುತ್ತವೆ.

ಉಗಿ ಎಂಜಿನ್ನಿಗೆ ಕಲ್ಲಿದ್ದಲಿಗಿಂತ ಮೊದಲು ಬೇಕಾದದ್ದು ನೀರು. ಕಲ್ಲಿದ್ದಲು ಮುಗಿದರೆ ಗಾಡಿ ನಿಲ್ಲುತ್ತದೆ, ಬಾಯ್ಲರಿನಲ್ಲಿ ನೀರು ಮುಗಿದರೆ ಅನಾಹುತವಾಗುತ್ತದೆ. ಆಮೇಲಿನ ಕಾಲದ ವೈ.ಪಿ., ವೈ.ಜಿ. ಎಂಜಿನ್ನುಗಳ ಹಿಂದಿನ ಟೆಂಡರಿನಲ್ಲೇ, ಅಂದರೆ ನೀರು ಕಲ್ಲಿದ್ದಲು ಹೊರುವ ಬಂಡಿಯಲ್ಲೇ, ಹತ್ತು ಸಾವಿರ ಲೀಟರಿಗಿಂತ ಜಾಸ್ತಿ ನೀರು ಹಿಡಿಯುತ್ತಿತ್ತು. ಗಾಡಿ ನಿಂತ ಸ್ವಲ್ಪ ಹೊತ್ತಿನಲ್ಲೇ ಅಷ್ಟು ತುಂಬಬೇಕು. ಬಾವಿಯಿಂದ ಸೇದಿ ಹಾಕುವ ಮಾತಲ್ಲ. ಮೊದಲೇ ಎತ್ತರದಲ್ಲಿ ನೀರು ಕಾಯ್ದಿರಬೇಕು, ದಪ್ಪ ಪೈಪಿನಲ್ಲಿ ದಬದಬ ಅಂತ ಇಳಿಯಬೇಕು. ಅದಕ್ಕೆ ಟಾಕಿ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ತಿರುಗುವ ತೋಳಿನ ನೀರಿನ ಕಂಬ. ಫೈರ್‌ಮ್ಯಾನ್ ಟೆಂಡರ್ ಹತ್ತಿ ಆ ತೋಳನ್ನು ಎಳೆದು, ಅದರ ಚೀಲವನ್ನು ಟೆಂಡರಿನ ಬಾಯಿಗೆ ಇಟ್ಟು, ಕೆಳಗಿನವನಿಗೆ ವಾಲ್ವ್ ತೆರೆಯಲು ಕೂಗುತ್ತಿದ್ದ.

ಎಲ್ಲ ನೀರೂ ನಡೆಯುತ್ತಿರಲಿಲ್ಲ. ನಮ್ಮ ಕಡೆ ಬೋರು, ಬಾವಿ ಎಲ್ಲ ಸವುಳು ಜಾಸ್ತಿ. ಅಂಥ ನೀರು ಕುದಿಸಿದರೆ ಬಾಯ್ಲರಿನ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಮನೆಯ ಬಚ್ಚಲಿನ ಗೀಸರ್ ಬಿಚ್ಚಿ ನೋಡಿದವರಿಗೆ ಗೊತ್ತು. ಬಾಯ್ಲರಿನಲ್ಲಿ ಆ ಪದರ ಶಾಖ ತಡೆಯುತ್ತದೆ, ಕಲ್ಲಿದ್ದಲು ಜಾಸ್ತಿ ತಿನ್ನುತ್ತದೆ, ಕೊಳವೆ ಸುಟ್ಟು ಹೋಗುತ್ತದೆ. ಹಾಗಾಗಿ ರೈಲ್ವೆಯವರು ಸಿಹಿನೀರು ಎಲ್ಲಿದೆ ಅಂತ ಹುಡುಕಿ, ಕೆರೆ ಹಳ್ಳಗಳಿಂದ ಪೈಪ್ ಹಾಕಿ ತಂದರು. ಎಷ್ಟೋ ಊರಲ್ಲಿ ಜನಕ್ಕೆ ನಳ ಬರುವ ಎಷ್ಟೋ ವರ್ಷ ಮೊದಲೇ ಎಂಜಿನ್ನಿಗೆ ನಳ ಬಂತು. ಊರ ಹೆಣ್ಣುಮಕ್ಕಳು ಕೊಡ ಹಿಡಿದು ಕೆರೆಗೆ ಹೋಗುವ ಹೊತ್ತಿಗೆ ಗಾಡಿ ಹೊಟ್ಟೆತುಂಬ ಸಿಹಿನೀರು ಕುಡಿದು ಹೋಗುತ್ತಿತ್ತು. ಇದರಲ್ಲಿ ಹೆಮ್ಮೆಪಡುವುದು ಎಷ್ಟು, ಬೇಜಾರು ಮಾಡಿಕೊಳ್ಳುವುದು ಎಷ್ಟು ಅಂತ ನನಗೆ ಇವತ್ತಿಗೂ ಲೆಕ್ಕ ಹತ್ತಿಲ್ಲ. ಟಾಕಿ ತುಂಬಿ ಹರಿದ ನೀರಿಗೆ ಕೊಡ ಹಿಡಿದವರು ಇದ್ದೇ ಇದ್ದರು ಅನ್ನಿ.

ಅದಕ್ಕೂ ಮೊದಲು ನಮ್ಮ ಸೀಮೆಯಲ್ಲಿ ನೀರು ಬೇಕಾದರೆ ಇಳಿಯಬೇಕಿತ್ತು. ಗದಗದಿಂದ ಹನ್ನೆರಡು ಕಿಲೋಮೀಟರ್ ಹೋದರೆ ಲಕ್ಕುಂಡಿ. ನೂರೊಂದು ಗುಡಿ, ನೂರೊಂದು ಬಾವಿ ಅಂತ ಜನ ಹೇಳುವ ಊರು. ಮಾಣಿಕೇಶ್ವರ ಗುಡಿಗೆ ಅಂಟಿಕೊಂಡ ಮುಸುಕಿನ ಬಾವಿಗೆ ಹೋದವರಿಗೆ ಆ ಮೆಟ್ಟಿಲು ನೆನಪಿರುತ್ತದೆ. ಇಳಿಯುತ್ತಾ ಹೋದಂತೆ ಗೋಡೆಯಲ್ಲಿ ಚಿಕ್ಕ ಚಿಕ್ಕ ಗುಡಿಯಂಥ ಗೂಡು. ಬಿಸಿಲು ಹಿಂದೆ ಉಳಿಯುತ್ತದೆ, ತಣ್ಣಗಾಗುತ್ತದೆ. ಅಲ್ಲಿ ನೀರು ಎಲ್ಲಿದೆಯೋ ಅಲ್ಲಿಗೆ ಮನುಷ್ಯ ಹೋಗುತ್ತಾನೆ. ಬರಗಾಲದಲ್ಲಿ ನಾಲ್ಕು ಮೆಟ್ಟಿಲು ಜಾಸ್ತಿ ಇಳಿಯುತ್ತಾನೆ. ಎಷ್ಟು ಉಳಿದಿದೆ ಅಂತ ಕಣ್ಣಿಗೆ ಕಾಣುತ್ತದೆ.

ಟಾಕಿ ಇದನ್ನು ತಿರುವಿ ಹಾಕಿತು. ನೀರು ಮೇಲೆ ಹೋಯಿತು, ನಾವು ಕೆಳಗೆ ಕಾಯುತ್ತಾ ನಿಂತೆವು. ಈಗ ಎಷ್ಟಿದೆ ಅಂತ ನಮಗೆ ಕಾಣುವುದಿಲ್ಲ. ಕಾಣುವವನು ವಾಲ್ವ್ ತಿರುಗಿಸುವವನು ಒಬ್ಬನೇ. ಹಾಗಾಗಿಯೇ ಅವನು ಓಣಿಯಲ್ಲಿ ಅಷ್ಟು ದೊಡ್ಡ ಮನುಷ್ಯ. ನಮ್ಮ ಓಣಿಯಲ್ಲಿ ಕಾರ್ಪೊರೇಟರ್ ಹೆಸರು ಗೊತ್ತಿಲ್ಲದವರು ಸಿಗುತ್ತಾರೆ. ನೀರು ಬಿಡುವವನ ಫೋನ್ ನಂಬರ್ ಇಲ್ಲದ ಮನೆ ಸಿಗುವುದಿಲ್ಲ. ಮದುವೆ, ಮುಂಜಿವೆ, ಸೀಮಂತ ಏನೇ ಇದ್ದರೂ ಮೊದಲ ಆಮಂತ್ರಣ ಅವನಿಗೆ. ಟಾಕಿ ಊರಿನ ಗುರುತಾದದ್ದು ಎತ್ತರಕ್ಕಿದೆ ಅನ್ನುವ ಕಾರಣಕ್ಕಲ್ಲ ಅಂತ ನಾನು ಹೇಳುವುದು ಇದಕ್ಕೇ. ಮೊಬೈಲ್ ಟವರ್ ಅದಕ್ಕಿಂತ ಎತ್ತರ. "ಮೊಬೈಲ್ ಟವರ್ ದಾಟಿ ಎಡಕ್ಕೆ" ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಟವರ್ ಇದ್ದರೂ ಕತ್ತೆತ್ತಿ ನೋಡುವ ಅಗತ್ಯ ಯಾರಿಗೂ ಇಲ್ಲ.

ಹುಬ್ಬಳ್ಳಿ ಧಾರವಾಡದ ನೀರಿನ ಕಥೆಯೂ ಎತ್ತರ ತಗ್ಗಿನ ಕಥೆಯೇ. ಮೊದಲು ಹುಬ್ಬಳ್ಳಿಗೆ ಉಣಕಲ್ ಕೆರೆ, ಧಾರವಾಡಕ್ಕೆ ಕೆಲಗೇರಿ ಕೆರೆ. ಕೆಲಗೇರಿಯ ಮಾತು ಬಂದರೆ ಧಾರವಾಡದವರು ವಿಶ್ವೇಶ್ವರಯ್ಯನವರ ಹೆಸರು ತೆಗೆಯದೆ ಇರುವುದಿಲ್ಲ. ಅವರು ಮೈಸೂರಿಗೆ ಬರುವ ಮೊದಲು ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ 1884ರಿಂದ 1908ರ ತನಕ ಇದ್ದರು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಊರು ಬೆಳೆದ ಹಾಗೆ ಕೆರೆ ಸಾಲದಾಯಿತು. ಕಲಘಟಗಿ ತಾಲ್ಲೂಕಿನ ಬೇಡ್ತಿ ಹಳ್ಳಕ್ಕೆ ಒಡ್ಡು ಹಾಕಿ ನೀರಸಾಗರ ಮಾಡಿದರು. ಮಳೆ ಕೈಕೊಟ್ಟ ವರ್ಷ ನೀರಸಾಗರವೂ ತಳ ಕಂಡಿತು. 1980ರ ದಶಕದಲ್ಲಿ ಸವದತ್ತಿಯ ಮಲಪ್ರಭೆ ಬಂತು.

ಮಲಪ್ರಭೆ ಬಂದದ್ದು ಅಂದರೆ ಸುಮ್ಮನೆ ಹರಿದು ಬಂದದ್ದಲ್ಲ. ನವಿಲುತೀರ್ಥದ ಅಣೆಕಟ್ಟು ತುಂಬಿದಾಗ ನೀರಿನ ಮಟ್ಟ 2079.5 ಅಡಿ, ಅಂದರೆ ಸಮುದ್ರ ಮಟ್ಟದಿಂದ ಸುಮಾರು 634 ಮೀಟರ್. ಧಾರವಾಡ ಸುಮಾರು 750 ಮೀಟರ್ ಎತ್ತರದಲ್ಲಿದೆ. ನಾವು ಕುಡಿಯುವ ನೀರು ನೂರು ಮೀಟರಿಗಿಂತ ಜಾಸ್ತಿ ಗುಡ್ಡ ಹತ್ತಿ ಬರುತ್ತದೆ. ಅಮ್ಮಿನಬಾವಿಯಲ್ಲಿ ಸೋಸಿ, ಕ್ಲೋರಿನ್ ಹಾಕಿ, ಮತ್ತೆ ಪಂಪ್ ಮಾಡಿ, ಟಾಕಿಗೆ ಏರಿಸಿ, ಅಲ್ಲಿಂದ ನಮ್ಮ ನಳಕ್ಕೆ ಬಿಡುತ್ತಾರೆ. ಕರೆಂಟ್ ಹೋದರೆ ನೀರೂ ಹೋಗುತ್ತದೆ ಅನ್ನುವುದರ ಕಾರಣ ಇದು. ಟಾಕಿಯಲ್ಲಿ ಉಳಿದಷ್ಟು ಮಾತ್ರ ಕರೆಂಟಿಲ್ಲದೆಯೂ ಇಳಿಯುತ್ತದೆ. ಹತ್ತು ಮೀಟರ್ ಎತ್ತರದ ನೀರು ಕೆಳಗೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಕೊಡುತ್ತದೆ. ಟಾಕಿ ದೊಡ್ಡದಿದ್ದರೆ ನೀರು ಜೋರಾಗಿ ಬರುತ್ತದೆ ಅಂತ ಭಾಳ ಜನ ನಂಬಿದ್ದಾರೆ. ದೊಡ್ಡದಿದ್ದರೆ ಜಾಸ್ತಿ ಹೊತ್ತು ಬರುತ್ತದೆ, ಅಷ್ಟೇ. ಜೋರು ಬರುವುದು ಎತ್ತರದಿಂದ. ಗುಡ್ಡ ಇದ್ದ ಊರಿನಲ್ಲಿ ಗುಡ್ಡದ ಮೇಲೇ ತೊಟ್ಟಿ ಕಟ್ಟಿದರೆ ಆಯಿತು. ಧಾರವಾಡಕ್ಕೆ ಆ ಅನುಕೂಲ ಇದೆ. ಗದಗದ ಕಡೆಯ ಬಯಲಿಗೆ ಇಲ್ಲ. ಅಲ್ಲಿ ಗುಡ್ಡವನ್ನು ಇಟ್ಟಿಗೆಯಲ್ಲೇ ಕಟ್ಟಬೇಕಿತ್ತು.

ನಮ್ಮ ಅವಳಿ ನಗರದಲ್ಲಿ ವಾರಕ್ಕೊಮ್ಮೆ ನೀರು ಬಂದ ದಿನಗಳು ಎಲ್ಲರಿಗೂ ಗೊತ್ತು. ರಾತ್ರಿ ಎರಡು ಗಂಟೆಗೆ "ನೀರು ಬಂತ್ರೀ" ಅಂತ ಒಂದು ಮನೆಯಿಂದ ಕೂಗು, ಆಮೇಲೆ ಇಡೀ ಓಣಿಯ ದೀಪ. ಹಂಡೆ, ಕೊಡ, ತಂಬಿಗೆ, ಕೊನೆಗೆ ಹಾಲಿನ ಪಾತ್ರೆಯನ್ನೂ ಬಿಡುತ್ತಿರಲಿಲ್ಲ. ಮನೆ ಕಟ್ಟುವವರು ಅಡುಗೆಮನೆಗಿಂತ ಮೊದಲು ನೆಲದೊಳಗಿನ ಸಂಪಿನ ಅಳತೆ ಮಾತಾಡುತ್ತಿದ್ದರು. ಅಂದರೆ ಊರಿನ ಟಾಕಿಯ ಮೇಲೆ ನಂಬಿಕೆ ಹೋಗಿ ಪ್ರತಿ ಮನೆಯೂ ತನ್ನದೇ ಟಾಕಿ ಕಟ್ಟಿಕೊಂಡಿತು. ಮಾಳಿಗೆ ಮೇಲೆ ನಿಂತು ಸುತ್ತ ನೋಡಿ, ಕರೀ ಡ್ರಮ್ಮುಗಳ ಊರು. ವಿಶ್ವಬ್ಯಾಂಕಿನ ಸಾಲದಲ್ಲಿ ಹುಬ್ಬಳ್ಳಿ ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವೇ ವಾರ್ಡುಗಳಿಗೆ ದಿನವಿಡೀ ನೀರು ಕೊಟ್ಟು ನೋಡಿದ್ದು 2008ರ ಸುಮಾರಿಗೆ. ಊರಿನ ಹತ್ತರಲ್ಲಿ ಒಂದು ಪಾಲು ಜನಕ್ಕೆ ಸಿಕ್ಕಿತು. ಉಳಿದವರು ಆ ವಾರ್ಡಿನಲ್ಲಿ ಬಾಡಿಗೆ ಮನೆ ಹುಡುಕಿದರು. ಪೈಪಿನಲ್ಲಿ ಯಾವಾಗಲೂ ಒತ್ತಡ ಇದ್ದರೆ ಸೋರುವ ಕಡೆ ನೀರು ಹೊರಗೆ ಹೋಗುತ್ತದೆ. ಒತ್ತಡ ಹೋದರೆ ಅದೇ ಸೀಳಿನಿಂದ ಗಟಾರದ ನೀರು ಒಳಗೆ ಬರುತ್ತದೆ. ವಾರಕ್ಕೊಮ್ಮೆ ಬರುವ ನೀರಿನ ಮೊದಲ ಎರಡು ಬಕೆಟ್ ಚೆಲ್ಲುವ ರೂಢಿ ಸುಮ್ಮನೆ ಬಂದದ್ದಲ್ಲ. ಕಳಸಾ ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತರುವ ಸಲುವಾಗಿ 2015ರಿಂದ ನರಗುಂದದಲ್ಲಿ ರೈತರು ಕೂತದ್ದನ್ನೂ ಇಲ್ಲಿ ಮರೆಯಬಾರದು. ಹುಬ್ಬಳ್ಳಿಯ ಟಾಕಿಗೂ ನರಗುಂದದ ಹೊಲಕ್ಕೂ ಮಲಪ್ರಭೆ ಒಂದೇ.

ಬೇರೆ ಊರುಗಳಲ್ಲಿ ಟಾಕಿಗೆ ಹೆಸರೂ ಇಡುತ್ತಾರೆ. ಇಂಗ್ಲೆಂಡಿನ ಕಾಲ್ಚೆಸ್ಟರಿನಲ್ಲಿ 1883ರಲ್ಲಿ ಒಂದು ಭಾರೀ ಇಟ್ಟಿಗೆ ಟಾಕಿ ಎದ್ದಿತು. ಹನ್ನೆರಡು ಲಕ್ಷದಷ್ಟು ಇಟ್ಟಿಗೆ ಹಿಡಿಯಿತಂತೆ. ಪಕ್ಕದ ಮನೆಯಲ್ಲಿದ್ದ ಪಾದ್ರಿಗೆ ಅದು ಕಣ್ಣಿಗೆ ಚುಚ್ಚಿತು. ಆಗಷ್ಟೇ ಲಂಡನ್ನಿನ ಮೃಗಾಲಯದಿಂದ ಅಮೆರಿಕದ ಸರ್ಕಸ್ಸಿಗೆ ಮಾರಿದ್ದ ಜಂಬೋ ಆನೆಯ ಹೆಸರನ್ನು ಬೈಗುಳವಾಗಿ ಇಟ್ಟರು. ಬೈಗುಳ ಉಳಿಯಿತು, ಸಿಟ್ಟು ಹೋಯಿತು. ಈಗ ಜಂಬೋ ಇಲ್ಲದ ಆ ಊರಿನ ಚಿತ್ರವೇ ಇಲ್ಲ. ನಮ್ಮ ಕೋಲ್ಕತ್ತಾದ ಟಾಲಾ ಟಾಕಿ ಉಕ್ಕಿನದು. 1911ರಿಂದ ಕೆಲಸ ಮಾಡುತ್ತಿದೆ, 110 ಅಡಿ ಎತ್ತರ, 90 ಲಕ್ಷ ಗ್ಯಾಲನ್ ಹಿಡಿಯುತ್ತದೆ. ಅದಕ್ಕೆ ಅಡ್ಡಹೆಸರಿನ ಅಗತ್ಯ ಬೀಳಲಿಲ್ಲ, ಯಾಕೆಂದರೆ ಅದು ಇನ್ನೂ ನೀರು ಕೊಡುತ್ತಿದೆ.

ನಮ್ಮ ಕಡೆ ಉಗಿ ಹೋಗಿ ಡೀಸೆಲ್ ಬಂತು. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಈಗ ಮೇಲೆ ಕರೆಂಟಿನ ತಂತಿ. ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಾಗಿ ಜಗತ್ತಿಗೇ ಉದ್ದ ಅನ್ನಿಸಿಕೊಂಡಿತು. ಒಳ್ಳೆಯದೇ. ಗದಗ ರಸ್ತೆಯಲ್ಲಿ ರೈಲ್ವೆ ಮ್ಯೂಸಿಯಂ ಕೂಡ ಇದೆ. ಹಳೇ ಎಂಜಿನ್ನಿಗೆ ಬಣ್ಣ ಹಚ್ಚಿ ಇಟ್ಟಿದ್ದಾರೆ, ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ. ಎಂಜಿನ್ ಮ್ಯೂಸಿಯಮ್ಮಿಗೆ ಬರುತ್ತದೆ, ಅದಕ್ಕೆ ಗಾಲಿ ಇದೆ. ಟಾಕಿ ಬರುವುದಿಲ್ಲ. ಅದು ನಿಂತಲ್ಲೇ ಉಳಿಯಬೇಕು, ಇಲ್ಲವೇ ನಿಂತಲ್ಲೇ ಬೀಳಬೇಕು.

ಇಂಥ ಹಳೇ ಟಾಕಿಗಳಿಗೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಗತಿ. ಶಿಥಿಲ ಅಂತ ಬರೆದು ಕೆಡವುತ್ತಾರೆ. ಇಲ್ಲವೇ ಕಡುಗೆಂಪು ಎಣ್ಣೆಬಣ್ಣ ಬಳಿದು, ನಡುವೆ ಬಿಳೀ ಗೆರೆ ಎಳೆದು ಇಟ್ಟಿಗೆಯನ್ನು ಇಟ್ಟಿಗೆಯ ಚಿತ್ರ ಮಾಡುತ್ತಾರೆ. ಇಲ್ಲವೇ ಯಾರೋ ಬಂದು ಕೆಳಗೆ ಕಾಫಿ ಅಂಗಡಿ, ಮೇಲೆ ಸೆಲ್ಫಿ ಜಾಗ ಅಂತ ಪ್ಲಾನ್ ತೋರಿಸುತ್ತಾರೆ. ಮೂರರಲ್ಲಿ ನನಗೆ ಜಾಸ್ತಿ ಭಯ ಎರಡನೆಯದರದು. ಎಣ್ಣೆಬಣ್ಣ ಇಟ್ಟಿಗೆಯ ಉಸಿರು ಕಟ್ಟುತ್ತದೆ. ಒಳಗಿನ ತೇವ ಹೊರಗೆ ಬರಲಾಗದೆ ಇಟ್ಟಿಗೆಯ ಮುಖವೇ ಹೊಪ್ಪಳಿಕೆ ಕಿತ್ತು ಉದುರುತ್ತದೆ. ಸಿಮೆಂಟ್ ಪಾಯಿಂಟಿಂಗ್ ಕೂಡ ಹೀಗೇ. ಹಳೇ ಗಾರೆ ಸುಣ್ಣ ಮತ್ತು ಸುರಕಿಯದು. ಸುಟ್ಟ ಇಟ್ಟಿಗೆಯ ಪುಡಿ ಸೇರಿಸಿ, ಎತ್ತಿನ ಗಾಣದಲ್ಲಿ ಅರೆದದ್ದು. ಅದು ಇಟ್ಟಿಗೆಗಿಂತ ಮೆತ್ತಗೆ. ಗೋಡೆ ಸ್ವಲ್ಪ ಅಲುಗಿದರೆ ಗಾರೆ ತಾನು ಸರಿದುಕೊಂಡು ಇಟ್ಟಿಗೆಯನ್ನು ಉಳಿಸುತ್ತದೆ. ಸಣ್ಣ ಬಿರುಕು ಬಿದ್ದರೆ ಮಳೆನೀರಲ್ಲಿ ಸುಣ್ಣ ಕರಗಿ ಮತ್ತೆ ಕೂಡಿಕೊಳ್ಳುತ್ತದೆ. ಸಿಮೆಂಟ್ ಗಟ್ಟಿ, ಸರಿಯುವುದಿಲ್ಲ, ತೇವ ಬಿಡುವುದಿಲ್ಲ. ಸರಿಯುವ ಸರದಿ ಇಟ್ಟಿಗೆಯದಾಗುತ್ತದೆ. ರಿಪೇರಿ ಅಂತ ಮಾಡಿದ ಕೆಲಸವೇ ಗೋಡೆ ತಿನ್ನುವುದನ್ನು ನಮ್ಮ ಹಳೇ ವಾಡೆಗಳಲ್ಲಿ ಬೇಕಾದಷ್ಟು ನೋಡಿದ್ದೇವೆ.

ನಾಲ್ಕು ದಶಕದ ಕಾಂಕ್ರೀಟ್ ಟಾಕಿ ಅಪಾಯಕ್ಕೆ ಬಂದರೆ ಯಾರಿಗೂ ಆಶ್ಚರ್ಯವಿಲ್ಲ. ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಇಟ್ಟಿಗೆ ಟಾಕಿಯ ಗೋಡೆಯಲ್ಲಿ ಸರಳೇ ಇಲ್ಲ. ಅದನ್ನು ಕೆಡವಲಿಕ್ಕೆ "ಹಳೆಯದಾಯಿತು" ಅನ್ನುವುದೊಂದೇ ಕಾರಣ ಸಾಲದು. ಸ್ಮಾರಕಗಳ 1958ರ ಕಾನೂನು ನೂರು ವರ್ಷದ ಗಡಿ ಇಟ್ಟಿದೆ. ಆ ಲೆಕ್ಕಕ್ಕೆ ಉಗಿಬಂಡಿ ಕಾಲದ ಮೊದಮೊದಲ ಟಾಕಿಗಳು ಯಾವಾಗಲೋ ಪಾಸ್. ಆದರೆ ನನಗೆ ಪುರಾತತ್ವ ಇಲಾಖೆಯ ನೀಲಿ ಬೋರ್ಡಿನ ಆಸೆಯಿಲ್ಲ. ಲಕ್ಕುಂಡಿಯ ಬಾವಿಯೂ ನೀರಿನ ಕೆಲಸ, ಇದೂ ನೀರಿನ ಕೆಲಸ. ಅದನ್ನು ಕಟ್ಟಿಸಿದವರ ಹೆಸರಿಗೆ ಶಾಸನ ಇರುತ್ತದೆ, ದೇವರು ಇರುತ್ತಾನೆ, ಹೋಗಿ ಜಗಳ ಆಡಲು ಭಕ್ತರು ಇರುತ್ತಾರೆ. ಟಾಕಿಗೆ ರಾಜನೂ ಇಲ್ಲ, ದೇವರೂ ಇಲ್ಲ. ಅದರ ಪರವಾಗಿ ಮಾತಾಡಬೇಕಾದವರು ಅದನ್ನು ನೋಡಿ ದಾರಿ ಹೇಳುವವರು ಮಾತ್ರ.

ಸದ್ಯಕ್ಕೆ ನಮ್ಮ ಟಾಕಿಗೆ ಇರುವ ದೊಡ್ಡ ವೈರಿ ಅರಳಿ. ತೊಟ್ಟಿಯ ಕೆಳಗೆ, ಮೂಡಣ ಗೋಡೆಯ ಮೂಲೆಯಲ್ಲಿ ಹಕ್ಕಿ ಹಾಕಿದ ಬೀಜ ಮೊಳೆತು ಈಗ ಕೈಯಷ್ಟು ದಪ್ಪ ಆಗಿದೆ. ಬೇರು ಗಾರೆಯ ಸಂದಿ ಹಿಡಿದು ಕಮಾನಿನ ತನಕ ಇಳಿದಿದೆ. ಅರಳಿ ಕಡಿಯಲಿಕ್ಕೆ ನಮ್ಮ ಜನ ಹೆದರುತ್ತಾರೆ, ಅದು ಒಂದು ತೊಡಕು. ಯಾರೋ ಧೈರ್ಯ ಮಾಡಿ ಒಮ್ಮೆ ಮೇಲಿನ ಟೊಂಗೆ ಕಡಿದಿದ್ದಾರೆ. ಅದರಿಂದ ಉಪಯೋಗ ಇಲ್ಲ, ಎರಡರ ಜಾಗದಲ್ಲಿ ಐದು ಚಿಗುರು ಬಂದಿದೆ. ಅಲ್ಲಿನ ನಾಲ್ಕೈದು ಸಾಲು ಇಟ್ಟಿಗೆ ಬಿಚ್ಚಿ, ಬೇರು ಪೂರ್ತಿ ತೆಗೆದು, ಅದೇ ಇಟ್ಟಿಗೆ ಸುಣ್ಣದಲ್ಲಿ ಮತ್ತೆ ಕೂಡಿಸಬೇಕು. ದೊಡ್ಡ ಕೆಲಸವೇನಲ್ಲ. ಒಂದು ಕಚೇರಿಯಲ್ಲಿ ಕೇಳಿದೆ, ಅದು ತಮ್ಮದಲ್ಲ ಅಂದರು. ಅವರು ತೋರಿಸಿದ ಕಚೇರಿಯವರು ಮೊದಲಿನವರದ್ದೇ ಅಂದರು. ಕೊನೆಗೆ ಒಬ್ಬ ಹಿರಿಯ ಅಧಿಕಾರಿ ಮಾತ್ರ ಫೈಲ್ ತರಿಸಿ ನೋಡಿ, ಕೆಲಸ ಮಾಡುವವರನ್ನು ನೀವೇ ಹುಡುಕಿಕೊಡುವುದಾದರೆ ಅನುಮತಿ ನೋಡೋಣ ಅಂದಿದ್ದಾರೆ. ಮುಂಗಾರಿಗೆ ಮೊದಲು ಆಗಬೇಕು, ಆಮೇಲೆ ಬೇರು ಇನ್ನೊಂದು ಮೊಳ ಇಳಿಯುತ್ತದೆ.

ಗೌಂಡಿಗಳು ಬೇಕಾದಷ್ಟು ಸಿಗುತ್ತಾರೆ. ಸುಣ್ಣ ನೆನೆ ಹಾಕಿ ಕಾಯುವ ತಾಳ್ಮೆ ಇರುವವರು ಸಿಗುತ್ತಿಲ್ಲ. ಧಾರವಾಡ, ಗದಗ, ಹಾವೇರಿ ಕಡೆ ಹಳೇ ಗುಡಿಯದೋ ವಾಡೆಯದೋ ಗಾರೆ ಕೆಲಸ ಮಾಡಿದ ಹಿರಿಯ ಗೌಂಡಿ ನಿಮಗೆ ಪರಿಚಯ ಇದ್ದರೆ ತಿಳಿಸಿ. ಕೂಲಿ ಚೌಕಾಸಿ ಮಾಡುವುದಿಲ್ಲ. ಸಿಮೆಂಟ್ ಚೀಲ ಹಿಡಿದು ಬರುವವರು ಮಾತ್ರ ಬೇಡ.